ಲೋ ಬಜೆಟ್ ಹಾರರ್ ಸಿನಿಮಾನ ಅಣಕಿಸೋ ಜಾಂಬಿ ಗೇಮ್ ಮಾಡ್ತಿದೀವಿ, ಹತ್ತು ನಿಮಿಷ ನಗ್ತಾರೆ ಆಮೇಲೆ ಎದ್ದು ಹೋಗ್ತಾರೆ, ಯಾಕೆ?

ಮೂರ್_ಜನ_ಗೇಮು
ಎಲ್ರಿಗೂ ನಮಸ್ಕಾರ. ನಾವು ಮೂರು ಜನ ವಿಜಯನಗರದಲ್ಲಿ ಒಂದೇ ಮನೇಲಿ ಬಾಡಿಗೆಗಿದೀವಿ, ವಾರವೆಲ್ಲ ಆಫೀಸು, ಶನಿವಾರ ಭಾನುವಾರ ಗೇಮು. ಶುರು ಮಾಡಿ ಒಂದು ವರ್ಷ ಎರಡು ತಿಂಗಳಾಯ್ತು. ಟೂಡಿ ಆಕ್ಷನ್, ಮೇಲಿಂದ ನೋಡೋ ಕ್ಯಾಮೆರಾ, ಗೇಮ್ ಕಟ್ಟೋಕೆ ಗೊಡೋಟ್ ಅನ್ನೋ ಸಾಫ್ಟ್‌ವೇರು. ಕಥೆ ಏನಂದ್ರೆ ಎಂಬತ್ತರ ದಶಕದಲ್ಲಿ ಊರಾಚೆ ಒಂದು ಹಳೇ ಬಂಗಲೇಲಿ ದುಡ್ಡಿಲ್ಲದ ಹಾರರ್ ಸಿನಿಮಾ ಶೂಟಿಂಗ್ ನಡೀತಿದೆ, ಜಾಂಬಿ ವೇಷ ಹಾಕಿದ್ದ ಜೂನಿಯರ್ ಆರ್ಟಿಸ್ಟ್‌ಗಳು ಮಧ್ಯರಾತ್ರಿ ನಿಜವಾಗ್ಲೂ ಜಾಂಬಿ ಆಗ್ಬಿಡ್ತಾರೆ, ನೀವು ಆ ಸೆಟ್ಟಿನ ಲೈಟ್ ಬಾಯ್. ಕೈಗೆ ಸಿಕ್ಕಿದ್ದೇ ಆಯುಧ, ರಿಫ್ಲೆಕ್ಟರು, ಟ್ರೈಪಾಡು, ಕ್ಲಾಪ್ ಬೋರ್ಡು, ಥರ್ಮಾಕೋಲ್ ಬಂಡೆ.

ಆ ಥರ ಸಿನಿಮಾದಲ್ಲಿ ಆಗೋ ಎಡವಟ್ಟೆಲ್ಲ ಹಾಕಿದೀವಿ. ಮೈಕು ಫ್ರೇಮೊಳಗೆ ಇಳಿಯತ್ತೆ, ಹಾರೋ ದೆವ್ವದ ಹಗ್ಗ ಕಾಣತ್ತೆ, ರಾತ್ರಿ ಸೀನಲ್ಲಿ ಬಿಸಿಲಿನ ನೆರಳು ಬೀಳತ್ತೆ, ತುಟಿ ಒಂದು ಹೇಳತ್ತೆ ಡಬ್ಬಿಂಗ್ ಇನ್ನೊಂದು ಹೇಳತ್ತೆ, ಆರೇ ಜನ ಜಾಂಬಿಗಳು ಶರ್ಟ್ ಬದಲಾಯಿಸಿ ವಾಪಸ್ ಬರ್ತಾರೆ. ಇದ್ರ ಜೊತೆಗೆ ಕಂಟ್ರೋಲನ್ನೂ ಬೇಕಂತಾನೇ ಕೆಡಿಸಿದ್ವಿ, ಬಟನ್ ಒತ್ತಿ ಕಾಲು ಸೆಕೆಂಡ್ ಆದ್ಮೇಲೆ ಏಟು ಬೀಳತ್ತೆ, ಗುರಿ ನಡುಗತ್ತೆ, ಕೆಲವು ಸಲ ಆಯುಧ ಕೈಜಾರತ್ತೆ. ಸಿನಿಮಾನೇ ಚೀಪ್ ಅಂದ್ಮೇಲೆ ಗೇಮೂ ಚೀಪ್ ಅನ್ನಿಸ್ಬೇಕು ಅಂತ.

ಕಳೆದ ಎರಡು ವಾರದಲ್ಲಿ 11 ಜನಕ್ಕೆ ಆಡಿಸಿದ್ವಿ. ಎಲ್ರೂ ಮೊದಲನೇ ಲೆವೆಲಲ್ಲಿ ಹೊಟ್ಟೆ ಹಿಡ್ಕೊಂಡು ನಕ್ರು. ಎರಡನೇ ಲೆವೆಲ್ ಮುಗಿಸಿದ್ದು ಇಬ್ರೇ. ಉಳಿದೋರು ಚೆನ್ನಾಗಿದೆ ಗುರು ಅಂತ ಬೆನ್ನು ತಟ್ಟಿ ಎದ್ದು ಹೋದ್ರು. ಆ ಬೆನ್ನು ತಟ್ಟೋದು ನಮಗೆ ಬೈಗುಳಕ್ಕಿಂತ ಜಾಸ್ತಿ ನೋವಾಯ್ತು. ದಯವಿಟ್ಟು ನೇರವಾಗಿ ಹೇಳಿ, ಏನು ತಪ್ಪಾಗಿದೆ?

ಜಯನಗರ_ಜಾಯ್‌ಸ್ಟಿಕ್
ಆ ಕಾಲು ಸೆಕೆಂಡೇ ನಿಮ್ ಗೇಮ್ ಕೊಂದಿರೋದು.

ಸಿನಿಮಾ ಕೆಟ್ಟದಾಗಿದ್ರೆ ನಾನು ಸೀಟಲ್ಲಿ ಕೂತಿರ್ತೀನಿ, ತಪ್ಪು ಮಾಡಿದ್ದು ಪರದೆ ಮೇಲಿರೋನು, ನಾನು ಫ್ರೆಂಡ್ ಭುಜ ತಟ್ಟಿ ನೋಡೋ ನೋಡೋ ಹಗ್ಗ ಕಾಣ್ತಿದೆ ಅಂತ ನಗ್ತೀನಿ, ನನಗೇನೂ ನಷ್ಟ ಇಲ್ಲ. ಗೇಮಲ್ಲಿ ಬಟನ್ ಒತ್ತಿದ್ದು ನಾನು, ಏಟು ಬೀಳ್ಲಿಲ್ಲ ಅಂದ್ರೆ ಸತ್ತಿದ್ದೂ ನಾನು, ಲೆವೆಲ್ ಮತ್ತೆ ಮೊದಲಿಂದ ಆಡ್ಬೇಕಾಗಿರೋದೂ ನಾನೇ. ಅಂದ್ರೆ ಸಿನಿಮಾದಲ್ಲಿ ನಗು ತರಿಸೋ ತಪ್ಪು ಗೇಮಲ್ಲಿ ಬಂದಾಗ ನನ್ ಕೈಗೆ ಬೀಳೋ ಶಿಕ್ಷೆ ಆಗ್ಬಿಡತ್ತೆ. ಮೊದಲ ಸಲ ಆಯುಧ ಕೈಜಾರಿದಾಗ ನಗು ಬರತ್ತೆ, ಎರಡನೇ ಸಲ ಮುಗುಳ್ನಗೆ, ಐದನೇ ಸಲ ಕಂಟ್ರೋಲರ್ ಕೆಳಗಿಡ್ತೀನಿ. ನಿಮ್ 11 ಜನರಲ್ಲಿ ಒಂಬತ್ತು ಜನ ಮಾಡಿದ್ದೂ ಅದೇ.

ನೋಡೋದೆಲ್ಲ ಎಷ್ಟು ಬೇಕೋ ಅಷ್ಟು ಚೀಪ್ ಮಾಡಿ, ಕೈಗೆ ಸಿಗೋದು ಮಾತ್ರ ಬೆಣ್ಣೆ ಥರ ಇರ್ಲಿ.

ಕ್ಯಾಸೆಟ್_ಕಾಲ
ಮೇಲಿನವರು ಹೇಳಿದ್ದಕ್ಕೆ ದೊಡ್ಡ ಸಾಕ್ಷಿ 1993ರಲ್ಲೇ ಇದೆ. ಝಾಂಬೀಸ್ ಏಟ್ ಮೈ ನೇಬರ್ಸ್ ಅಂತ ಒಂದು ಗೇಮು, ಲ್ಯೂಕಸ್ ಆರ್ಟ್ಸ್‌ನೋರು ಮಾಡಿದ್ದು, ಕೊನಾಮಿ ಪಬ್ಲಿಶ್ ಮಾಡಿದ್ದು, ಸೂಪರ್ ನಿಂಟೆಂಡೋಗೂ ಸೆಗಾಗೂ ಬಂದಿತ್ತು. ನಮ್ ಕಡೆ ಯಾರ ಮನೇಲೂ ಆ ಮಿಷಿನ್ ಇರ್ಲಿಲ್ಲ, ನಮಗಿದ್ದಿದ್ದು ಹಳದಿ ಕ್ಯಾಸೆಟ್ಟಿನ ಟಿವಿ ಗೇಮು, ನಾನು ಇದನ್ನ ಆಡಿದ್ದು ಎಷ್ಟೋ ವರ್ಷ ಆದ್ಮೇಲೆ ರಾಜಾಜಿನಗರದ ಒಂದು ಸೈಬರ್ ಕೆಫೇಲಿ ಎಮ್ಯುಲೇಟರಲ್ಲಿ, ಅಂದ್ರೆ ಹಳೇ ಮಿಷಿನ್ ಗೇಮನ್ನ ಕಂಪ್ಯೂಟರಲ್ಲಿ ಓಡಿಸೋ ಸಾಫ್ಟ್‌ವೇರಲ್ಲಿ, ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು.

ಇದು ನಿಮ್ ಥರ ಚಿಕ್ಕ ತಂಡ ಸ್ವಂತವಾಗಿ ಮಾಡಿದ ಇಂಡೀ ಗೇಮ್ ಅಲ್ಲ, ಆದ್ರೆ ಈ ಜಾತಿಗೆಲ್ಲ ತಾಯಿಬೇರು ಅಂತಾನೇ ನಾನು ತಿಳ್ಕೊಂಡಿರೋದು. ಒಬ್ಬ ಹುಡುಗ ಝೀಕ್, ಒಬ್ಬ ಹುಡುಗಿ ಜೂಲಿ, ಕೈಲಿ ನೀರಿನ ಪಿಸ್ತೂಲು. ಹಳೇ ಅಗ್ಗದ ಹಾರರ್ ಸಿನಿಮಾಗಳಿಂದ ಎತ್ತಿದ ರಾಕ್ಷಸರೆಲ್ಲ ಬರ್ತಾರೆ, ಗರಗಸ ಹಿಡಿದು ಬೇಲಿ ಸೀಳ್ಕೊಂಡು ಬರೋನು, ಮನೆ ಗಾತ್ರದ ಮಗು, ತೋಳಮನುಷ್ಯ. ಆಯುಧ ಅಂದ್ರೆ ಅಡುಗೆಮನೆ ಸಾಮಾನು, ಐಸ್ ಕ್ಯಾಂಡಿ, ಟೊಮ್ಯಾಟೋ, ತಟ್ಟೆ, ಸೋಡಾ ಕ್ಯಾನು. ಬೆಳ್ಳಿ ಚಮಚ ಎಸೆದ್ರೆ ತೋಳಮನುಷ್ಯ ಒಂದೇ ಏಟಿಗೆ ಸಾಯ್ತಾನೆ, ಯಾಕಂದ್ರೆ ಆ ಸಿನಿಮಾಗಳಲ್ಲಿ ತೋಳಮನುಷ್ಯಂಗೆ ಬೆಳ್ಳಿ ಅಂದ್ರೆ ಆಗಲ್ಲ. ಗಮನಿಸಿ, ಅಲ್ಲಿ ಜೋಕೇ ನಿಯಮ ಆಗಿದೆ. ಸಿನಿಮಾ ಗೊತ್ತಿದ್ದೋನು ಗೇಮಲ್ಲಿ ಬೇಗ ಗೆಲ್ತಾನೆ. ನಿಮ್ ಗೇಮಲ್ಲಿ ಹಗ್ಗ ಕಾಣತ್ತೆ ಸರಿ, ಆ ಹಗ್ಗ ಕತ್ತರಿಸಿದ್ರೆ ದೆವ್ವ ಕೆಳಗೆ ಬೀಳತ್ತಾ?

ಇನ್ನೊಂದು ವಿಷಯ. ಪ್ರತಿ ಲೆವೆಲಲ್ಲೂ ಅಕ್ಕಪಕ್ಕದ ಮನೆಯವರನ್ನ ಕಾಪಾಡ್ಬೇಕು, ಯಾರನ್ನ ಕಳ್ಕೊಂಡ್ರೋ ಅವರು ಮುಂದಿನ ಲೆವೆಲಲ್ಲಿ ಇರಲ್ಲ, ಎಲ್ರೂ ಹೋದ್ರೆ ಆಟ ಮುಗೀತು. ನಗಿಸ್ತಾನೇ ಎದೇಲಿ ಒಂದು ಭಯ ಇಟ್ಟಿರ್ತಾರೆ. ಆದ್ರೆ ಅದ್ರಲ್ಲೂ ಒಂದು ದೊಡ್ಡ ತಪ್ಪಿದೆ ಅಂತ ನಾನು ಈಗ್ಲೂ ಹೇಳ್ತೀನಿ, ಪಾಸ್‌ವರ್ಡ್ ಹಾಕಿ ಮುಂದಿನ ಲೆವೆಲಿಂದ ಶುರು ಮಾಡಿದ್ರೆ ಕೂಡಿಟ್ಟಿದ್ದ ಆಯುಧ ಒಂದೂ ವಾಪಸ್ ಬರಲ್ಲ, ಬರೀ ನೀರಿನ ಪಿಸ್ತೂಲಲ್ಲಿ ದೊಡ್ಡ ರಾಕ್ಷಸರ ಮುಂದೆ ನಿಲ್ಬೇಕು. ಕೆಫೇಲಿ ಟೈಮ್ ಮುಗಿದು ಎದ್ದು ಬಂದು ಮಾರನೇ ದಿನ ಹೋಗಿ ಅದೇ ಜಾಗದಲ್ಲಿ ಸತ್ತಿದ್ದು ಎಷ್ಟು ಸಲವೋ. 2021ರಲ್ಲಿ ಹೊಸ ಮಿಷಿನ್‌ಗಳಿಗೆ ಮತ್ತೆ ಬಿಟ್ರು, ಸೇವ್ ಸೌಲಭ್ಯ ಬಂತು, ನನ್ ಮಗಳ ಜೊತೆ ಕೂತು ಆಡಿದೆ.

ಸೆಕೆಂಡ್‌ಶೋ_ಸೀಟು
ನಾನು ಇಲ್ಲಿ ಸ್ವಲ್ಪ ತಕರಾರು ಮಾಡ್ತೀನಿ. ಕಂಟ್ರೋಲ್ ಬೆಣ್ಣೆ ಥರ ಇದ್ರೆ ಭಯ ಎಲ್ಲಿಂದ ಬರತ್ತೆ? 1996ರ ರೆಸಿಡೆಂಟ್ ಈವಿಲ್ ಅನ್ನೋ ಜಾಂಬಿ ಗೇಮ್ ನೋಡಿ, ಟ್ಯಾಂಕ್ ತಿರುಗಿಸ್ದಂಗೆ ತಿರುಗ್ಬೇಕು, ನಡೀತಾ ನಡೀತಾ ಗುಂಡು ಹೊಡಿಯೋಕಾಗಲ್ಲ, ಕ್ಯಾಮೆರಾ ಮೂಲೇಲಿ ಕೂತಿರತ್ತೆ, ಜಾಂಬಿ ಶಬ್ದ ಕೇಳತ್ತೆ ಆದ್ರೆ ಕಾಣಲ್ಲ. ಅದೇ ಭಯ. ಶುರುವಿನ ವಿಡಿಯೋಲಿ ನಿಜವಾದ ನಟರಿದ್ದಾರೆ, ಇಂಗ್ಲಿಷ್ ಡಬ್ಬಿಂಗ್ ಎಷ್ಟು ಕೆಟ್ಟದಾಗಿದೆ ಅಂದ್ರೆ ಇವತ್ತಿಗೂ ಜನ ಆ ಡೈಲಾಗ್ ಹೇಳ್ಕೊಂಡು ನಗ್ತಾರೆ, ಆದ್ರೆ ಅವರು ಅಣಕಿಸೋಕೆ ಅಂತ ಮಾಡಿದ್ದಲ್ಲ, ಮನಸ್ಸಿಟ್ಟು ಮಾಡಿದ್ದು. ನನ್ ಪ್ರಕಾರ ಬಿ ಗ್ರೇಡ್ ಸಿನಿಮಾದ ಜೀವ ಇರೋದೇ ಆ ಪ್ರಾಮಾಣಿಕತೇಲಿ. ಬೇಕಂತ ಕೆಟ್ಟದಾಗಿ ಮಾಡಿದ್ರೆ ಅದು ಬೇಗ ಹಳಸತ್ತೆ.

ಜಯನಗರ_ಜಾಯ್‌ಸ್ಟಿಕ್
ಎರಡನೇ ಮಾತು ನೂರಕ್ಕೆ ನೂರು ಒಪ್ತೀನಿ. ಮೊದಲನೇದಕ್ಕೆ ಒಂದು ತಿದ್ದುಪಡಿ. ಟ್ಯಾಂಕ್ ಕಂಟ್ರೋಲ್ ನಿಧಾನ, ಆದ್ರೆ ನಂಬಿಕಸ್ಥ. ಬಟನ್ ಒತ್ತಿದ್ರೆ ಪ್ರತಿ ಸಲಾನೂ ಅದೇ ಆಗತ್ತೆ, ಸತ್ತಾಗ ಛೇ ನಾನು ಮುಂಚೇನೇ ತಿರುಗ್ಬೇಕಿತ್ತು ಅನ್ನಿಸತ್ತೆ. ಇವರ ಗೇಮಲ್ಲಿ ಆಯುಧ ಯಾವಾಗ ಜಾರತ್ತೆ ಅಂತ ಯಾರಿಗೂ ಗೊತ್ತಿಲ್ಲ. ಭಾರ ಇರ್ಲಿ, ಮೋಸ ಬೇಡ.

ಸೆಕೆಂಡ್‌ಶೋ_ಸೀಟು
ಆಯ್ತು, ಮೋಸ ಬೇಡ ಅನ್ನೋದು ಒಪ್ಪಿದೆ.

ಗ್ರೇನ್_ಗುರು
ಟೆಕ್ನಿಕಲ್ ಆಗಿ ನನಗೆ ಗೊತ್ತಿರೋದು ಹೇಳ್ತೀನಿ, ನಾನು ಶೇಡರ್ ಬರೆಯೋನು, ಅಂದ್ರೆ ಪರದೆ ಮೇಲೆ ಚಿತ್ರ ಹೆಂಗೆ ಕಾಣ್ಬೇಕು ಅಂತ ಹೇಳೋ ಚಿಕ್ಕ ಪ್ರೋಗ್ರಾಮು.

ಗುರಿ ನಡುಗತ್ತೆ ಅಂದ್ರಲ್ಲ, ಅದನ್ನ ಹೆಂಗೆ ಮಾಡಿದೀರಿ? ಪ್ರೊಜೆಕ್ಟರಲ್ಲಿ ಫಿಲ್ಮ್ ಅಲ್ಲಾಡೋ ಎಫೆಕ್ಟ್ ಬರ್ಲಿ ಅಂತ ಕ್ಯಾಮೆರಾನೇ ಅಲ್ಲಾಡಿಸಿದ್ರೆ ಮೌಸ್ ಇರೋ ಜಾಗಕ್ಕೂ ಗೇಮ್ ಲೆಕ್ಕ ಹಾಕೋ ಜಾಗಕ್ಕೂ ವ್ಯತ್ಯಾಸ ಬರತ್ತೆ, ಆಡೋನಿಗೆ ನಾನು ಸರಿಯಾಗೇ ಗುರಿ ಇಟ್ಟಿದ್ನಲ್ಲ ಅನ್ನಿಸತ್ತೆ. ಕ್ಯಾಮೆರಾ ಮುಟ್ಬೇಡಿ. ಎಲ್ಲಾ ಬರೆದಾದ್ಮೇಲೆ ಕೊನೇ ಚಿತ್ರದ ಮೇಲೆ ಮಾತ್ರ ಶೇಡರಲ್ಲಿ ಒಂದೆರಡು ಪಿಕ್ಸೆಲ್ ಸರಿಸಿ, ಗುರಿಯ ಗುರುತು ಆ ಪದರದ ಮೇಲೆ ಬೇರೆ ಇರ್ಲಿ, ಅದು ಅಲ್ಲಾಡೋದು ಬೇಡ.

ಹಂಗೇ ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು, ಅಂದ್ರೆ 24 ಚಿತ್ರ, ಅಂತ ಗೇಮನ್ನೇ 24ಕ್ಕೆ ಇಳಿಸ್ಬೇಡಿ. ಲೆಕ್ಕಾಚಾರ 60ರಲ್ಲೇ ಓಡ್ಲಿ, ಪಾತ್ರದ ಚಿತ್ರಗಳು ಮಾತ್ರ ಸೆಕೆಂಡಿಗೆ 12 ಸಲ ಬದಲಾಗ್ಲಿ, ನೋಡೋಕೆ ಹಳೇ ಫಿಲ್ಮು, ಕೈಗೆ ಹೊಸ ಗೇಮು. 60ರಲ್ಲಿ ಒಂದು ಫ್ರೇಮ್ ಅಂದ್ರೆ ಸುಮಾರು 17 ಮಿಲಿಸೆಕೆಂಡು. ಏಟು ಬಿದ್ದ ಕ್ಷಣ ನಾಲ್ಕು ಫ್ರೇಮ್ ಎಲ್ಲಾ ನಿಲ್ಲಿಸಿ ನೋಡಿ, ಥರ್ಮಾಕೋಲ್ ಬಂಡೆಗೂ ತೂಕ ಬರತ್ತೆ.

ಶಬ್ದದ್ದೂ ಅದೇ ಕಥೆ. ಡೈಲಾಗ್ ತುಟಿಗೆ ಹೊಂದದೇ ಇರ್ಲಿ, ಅದು ಚೆಂದ. ಆಗಿನ ಕ್ಯಾಮೆರಾಗಳು ಓಡುವಾಗ ಗರಗರ ಸದ್ದು ಮಾಡ್ತಿದ್ವು ಅದಕ್ಕೇ ಡೈಲಾಗೆಲ್ಲ ಆಮೇಲೆ ಸ್ಟುಡಿಯೋಲಿ ಡಬ್ ಮಾಡ್ತಿದ್ರು, ಆ ನೆನಪು ಎಲ್ರಿಗೂ ಇದೆ. ಆದ್ರೆ ಏಟಿನ ಶಬ್ದ ಏಟಿನ ಜೊತೇಲೇ ಬರ್ಬೇಕು, ಅದು ತಡ ಆದ್ರೆ ಕೈ ಸೋತಂಗಾಗತ್ತೆ.

ಗ್ರೇನ್‌ಗೆ, ಅಂದ್ರೆ ಹಳೇ ಫಿಲ್ಮ್ ಮೇಲೆ ಕಾಣೋ ಸಣ್ಣ ಕಾಳುಕಾಳಿಗೆ, ಪ್ರತಿ ಪಿಕ್ಸೆಲಿಗೂ ಲೆಕ್ಕ ಹಾಕೋದು ಬಿಟ್ಟು 256ಕ್ಕೆ 256 ಪಿಕ್ಸೆಲಿನ ಒಂದು ಚುಕ್ಕಿ ಚುಕ್ಕಿ ಚಿತ್ರ ಮೊದಲೇ ಮಾಡಿಟ್ಕೊಂಡು ಪ್ರತಿ ಫ್ರೇಮಿಗೂ ಬೇರೆ ಬೇರೆ ಜಾಗಕ್ಕೆ ಜರುಗಿಸಿ. ಪಿಜೀಲಿರೋ ಹುಡುಗರ ಹಳೇ ಲ್ಯಾಪ್‌ಟಾಪಲ್ಲೂ ಓಡತ್ತೆ, ಅವರೇ ಅಲ್ವಾ ನಿಮ್ ಗೇಮ್ ಆಡೋರು.

ಮಲ್ಲಿಗೆ_ಮೋಡ್
ದಯವಿಟ್ಟು ಫಿಲ್ಮ್ ಮಿನುಗೋ ಎಫೆಕ್ಟ್ ಆಫ್ ಮಾಡೋ ಬಟನ್ ಮೊದಲನೇ ಪರದೇಲೇ ಕೊಡಿ. ನನ್ ತಮ್ಮನಿಗೆ ಫಿಟ್ಸ್ ಇದೆ, ಮಿನುಗೋ ಬೆಳಕು ಕಂಡ್ರೆ ನಮಗೆ ಜೀವ ಹೋಗತ್ತೆ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಪರದೆ ಫ್ಲ್ಯಾಶ್ ಆಗ್ಬಾರ್ದು ಅಂತ ವೆಬ್‌ಸೈಟ್ ಮಾಡೋರಿಗೆ ಒಂದು ಮಾನದಂಡ ಇದೆ, ಅದನ್ನೇ ನೀವೂ ಇಟ್ಕೊಳ್ಳಿ. ಅವನಿಗೆ ಜಾಂಬಿ ಗೇಮ್ ಅಂದ್ರೆ ತುಂಬಾ ಇಷ್ಟ, ಆಡೋಕಾಗ್ಬೇಕು ಅವನಿಗೂ.

ಮೂರ್_ಜನ_ಗೇಮು
ಖಂಡಿತ ಮಾಡ್ತೀವಿ, ಇವತ್ತೇ. ಇದು ನಮ್ ತಲೇಗೇ ಬಂದಿರ್ಲಿಲ್ಲ, ಕ್ಷಮಿಸಿ.

ಗ್ರೇನ್ ಗುರು ಅವರೇ ನೀವು ತಪ್ಪು ಸರಿಯಾಗೇ ಹಿಡಿದ್ರಿ, ನಾವು ಕ್ಯಾಮೆರಾನೇ ಅಲ್ಲಾಡಿಸ್ತಿದ್ವಿ. ಹಗ್ಗ ಕತ್ತರಿಸೋ ಐಡಿಯಾ ಓದಿ ಮೂರು ಜನಾನೂ ರಾತ್ರಿ ಒಂದೂವರೆ ತನಕ ಮಲಗ್ಲಿಲ್ಲ.

ಫೋಕಸ್_ಪುಲ್ಲರ್
ನಾನು ಕ್ಯಾಮೆರಾ ಅಸಿಸ್ಟೆಂಟ್ ಆಗಿ ಫಿಲ್ಮ್ ಕಾಲದಲ್ಲಿ ಗಾಂಧಿನಗರದ ಸುಮಾರು ಚಿಕ್ಕ ಬಜೆಟ್ ಸಿನಿಮಾ ಮಾಡಿದೀನಿ, ಗೇಮ್ ಅಷ್ಟಾಗಿ ಗೊತ್ತಿಲ್ಲ, ಅಕ್ಕನ ಮಗ ಈ ಚರ್ಚೆ ತೋರಿಸ್ದ. ನೀವು ಲೋ ಬಜೆಟ್ ಅಂದ್ರೆ ಮೈಕ್ ಕಾಣೋದು ಹಗ್ಗ ಕಾಣೋದು ಅಂತ ತಿಳ್ಕೊಂಡಿದೀರಿ, ಅವೆಲ್ಲ ಕೊನೇಲಿ ಕಾಣೋ ಗಾಯ. ರೋಗ ಬೇರೆ ಇದೆ, ಅದು ಫಿಲ್ಮ್. ರಾ ಸ್ಟಾಕ್ ಅಂತೀವಿ ನಾವು.

ಲೆಕ್ಕ ಹೇಳ್ತೀನಿ ಕೇಳಿ. 35 ಎಂಎಂ ಫಿಲ್ಮಲ್ಲಿ ಒಂದು ಅಡಿಗೆ 16 ಫ್ರೇಮು. ಸೆಕೆಂಡಿಗೆ 24 ಫ್ರೇಮ್ ಓಡತ್ತೆ, ಅಂದ್ರೆ ಸೆಕೆಂಡಿಗೆ ಒಂದೂವರೆ ಅಡಿ, ನಿಮಿಷಕ್ಕೆ 90 ಅಡಿ. ಮ್ಯಾಗಜಿನ್ ಅಂದ್ರೆ ಕ್ಯಾಮೆರಾಗೆ ಹಾಕೋ ಫಿಲ್ಮ್ ಪೆಟ್ಟಿಗೆ, ಚಿಕ್ಕದು 400 ಅಡಿದು, ನಾಲ್ಕು ನಿಮಿಷ 26 ಸೆಕೆಂಡಿಗೆ ಖಾಲಿ. ಎರಡು ಗಂಟೆ ಸಿನಿಮಾಗೆ 10,800 ಅಡಿ ಬೇಕು, ಅದೂ ಒಂದೂ ಟೇಕ್ ವೇಸ್ಟ್ ಆಗ್ದೇ ಇದ್ರೆ. ದುಡ್ಡಿರೋರು ಹತ್ತು ಪಟ್ಟು ಸುಡ್ತಾರೆ. ದುಡ್ಡಿಲ್ದೋರು ಏನ್ ಮಾಡ್ತಾರೆ, ದೊಡ್ಡ ಕಂಪನಿ ಸಿನಿಮಾಗಳಲ್ಲಿ ಉಳಿದ ತುಂಡು ಫಿಲ್ಮ್ ಡಬ್ಬಿಗಳನ್ನ ಕಡಿಮೆ ರೇಟಿಗೆ ತರ್ತಾರೆ, ಒಂದರಲ್ಲಿ 100 ಅಡಿ, ಒಂದರಲ್ಲಿ 150 ಅಡಿ. 100 ಅಡಿ ಅಂದ್ರೆ ಒಂದು ನಿಮಿಷ ಏಳು ಸೆಕೆಂಡು ಅಷ್ಟೇ. ಮೈಕ್ ಫ್ರೇಮಲ್ಲಿ ಬಂತು ಅಂತ ಕ್ಯಾಮೆರಾಮನ್‌ಗೆ ಗೊತ್ತಿರತ್ತೆ, ಎಲ್ರಿಗೂ ಗೊತ್ತಿರತ್ತೆ, ಆದ್ರೂ ಡೈರೆಕ್ಟರ್ ಓಕೆ ಅಂತಾನೆ, ಯಾಕಂದ್ರೆ ಇನ್ನೊಂದು ಟೇಕ್ ತೆಗೆದ್ರೆ ಕ್ಲೈಮ್ಯಾಕ್ಸಿಗೆ ಫಿಲ್ಮ್ ಇರಲ್ಲ. ಹಗಲಲ್ಲೇ ಬೆಳಕು ಕಡಿಮೆ ಬಿಟ್ಟು ನೀಲಿ ಫಿಲ್ಟರ್ ಹಾಕಿ ರಾತ್ರಿ ಅಂತ ತೋರಿಸೋದೂ ಅದಕ್ಕೇ, ರಾತ್ರಿ ಲೈಟಿಗೆ ಜನರೇಟರ್ ಬಾಡಿಗೆ ಕೊಡೋಕಾಗಲ್ಲ. ಗಟ್ಟಿ ನೆರಳು ಬೀಳತ್ತೆ ಅಂತ ನಮಗೂ ಗೊತ್ತಿತ್ತಪ್ಪ.

ಅದಕ್ಕೇ ನನ್ ಸಲಹೆ, ನಿಮ್ ಹುಡುಗನ ಆಯುಷ್ಯ ರಕ್ತದಲ್ಲಿ ಅಳೀಬೇಡಿ, ಅಡಿಯಲ್ಲಿ ಅಳೀರಿ. ಲೆವೆಲ್ಲಿಗೆ 400 ಅಡಿ. ಕ್ಯಾಮೆರಾ ಓಡ್ತಿದ್ದಾಗ ಮಾತ್ರ ಅವನ ಏಟಿಗೆ ಬೆಲೆ. ಸತ್ರೆ ರೀಟೇಕು, ರೀಟೇಕಿಗೆ ಫಿಲ್ಮ್ ಹೋಗತ್ತೆ. ದಾರೀಲಿ ತುಂಡು ಫಿಲ್ಮ್ ಡಬ್ಬಿ ಸಿಗ್ಲಿ. ಮ್ಯಾಗಜಿನ್‌ಗೆ ಫಿಲ್ಮ್ ತುಂಬೋದು ಕಪ್ಪು ಚೀಲದಲ್ಲಿ ಕೈ ಹಾಕಿ, ಕಣ್ಣಿಗೆ ಕಾಣದೆ ಬೆರಳಲ್ಲೇ ಮುಟ್ಟಿ ಮುಟ್ಟಿ ಮಾಡೋ ಕೆಲಸ, ಬೆಳಕು ತಾಗಿದ್ರೆ ಪೂರ್ತಿ ಹಾಳು. ನಾನು ಮೊದಲನೇ ಸಲ ಮಾಡಿದಾಗ ಬೆವರು ಚೀಲದೊಳಗೆ ಇಳೀತಿತ್ತು, ಹೊರಗಡೆ ಇಡೀ ಯೂನಿಟ್ ಕಾಯ್ತಿತ್ತು. ಅದಕ್ಕಿಂತ ಹಾರರ್ ಬೇಕಾ? ಜಾಂಬಿ ಬರ್ತಾ ಇರ್ಬೇಕಾದ್ರೆ ಅದನ್ನ ಮಾಡಿಸಿ.

ಕ್ಯಾಸೆಟ್_ಕಾಲ
ಸಾರ್, ಕೈ ಮುಗಿದೆ. ಇದು ಇಡೀ ಗೇಮು.

ಗ್ರೇನ್_ಗುರು
ಇದನ್ನ ಓದಿದ್ಮೇಲೆ ನಾನು ಹೇಳಿದ್ದು ಬರೀ ಬಣ್ಣ ಬಳಿಯೋ ಕೆಲಸ ಅನ್ನಿಸ್ತಿದೆ. ದುಡ್ಡಿಲ್ಲದಿರೋದೇ ಆಟದ ನಿಯಮ ಆಗ್ಬೇಕು. ಹೊರದೇಶದ್ದೂ ಹಂಗೇ ಅಲ್ವಾ, 1968ರ ನೈಟ್ ಆಫ್ ದಿ ಲಿವಿಂಗ್ ಡೆಡ್ ಸುಮಾರು 1,14,000 ಡಾಲರಲ್ಲಿ ಮುಗಿಸಿದ್ದು, ಕಪ್ಪುಬಿಳುಪು ಅಂತ ರಕ್ತಕ್ಕೆ ಚಾಕಲೇಟ್ ಸಿರಪ್ ಹಾಕಿದ್ರು, ಬಣ್ಣ ಕಾಣಲ್ವಲ್ಲ. 1981ರ ಈವಿಲ್ ಡೆಡ್‌ನಲ್ಲಿ ಸ್ಟೆಡಿಕ್ಯಾಮಿಗೆ, ಅಂದ್ರೆ ಓಡ್ತಿದ್ರೂ ಕ್ಯಾಮೆರಾ ಅಲ್ಲಾಡದಂಗೆ ಹಿಡಿಯೋ ಸಾಧನಕ್ಕೆ, ದುಡ್ಡಿಲ್ದೇ ಒಂದು ಹಲಗೆಗೆ ಕ್ಯಾಮೆರಾ ಕಟ್ಟಿ ಇಬ್ರು ಎರಡೂ ಕಡೆ ಹಿಡ್ಕೊಂಡು ಕಾಡಲ್ಲಿ ಓಡಿದ್ರು, ಕಾಣದ ದೆವ್ವ ನುಗ್ಗಿ ಬರೋ ಆ ಶಾಟ್ ಹುಟ್ಟಿದ್ದೇ ಹಂಗೆ. ನಿಮ್ ಬಾಸ್ ಫೈಟಿಗೆ, ಅಂದ್ರೆ ಕೊನೇಲಿ ಬರೋ ದೊಡ್ಡ ಶತ್ರು ಜೊತೆಗಿನ ಹೊಡೆದಾಟಕ್ಕೆ, ಆ ಹಲಗೆ ಇಡಿ, ಇಬ್ರು ಆಡೋ ಮೋಡಲ್ಲಿ ಒಂದೊಂದು ತುದಿ ಒಬ್ಬೊಬ್ರು ಹಿಡೀಲಿ.

ಲೈಟ್‌ಬಾಯ್_ಮಗಳು
ಬರೀಬೇಕೋ ಬೇಡ್ವೋ ಅಂತ ಎರಡು ದಿನ ಯೋಚ್ನೆ ಮಾಡ್ದೆ. ನಮ್ಮಪ್ಪ ಇಪ್ಪತ್ತೆರಡು ವರ್ಷ ಲೈಟ್ ಬಾಯ್ ಆಗಿದ್ರು. ದೊಡ್ಡ ಸಿನಿಮಾಗಳಿಗೂ ಹೋಗ್ತಿದ್ರು, ಆದ್ರೆ ಜಾಸ್ತಿ ಕೆಲಸ ಕೊಟ್ಟಿದ್ದು ನೀವು ಅಣಕಿಸ್ತಿರೋ ಇಂಥ ಚಿಕ್ಕ ಸಿನಿಮಾಗಳೇ. ಬೆಳಗ್ಗೆ ಐದಕ್ಕೆ ಶ್ರೀರಾಂಪುರದ ಮನೆಯಿಂದ ಹೊರಟು ಯೂನಿಟ್ ವ್ಯಾನ್ ಹತ್ತಿದ್ರೆ ಮಾರನೇ ದಿನ ಬಂದ್ರೆ ಬಂದಂಗೆ. ಬಿಸಿ ಲೈಟಿನ ಮುಂದಿರೋ ತಗಡಿನ ಬಾಗಿಲು ತಿರುಗಿಸಿ ತಿರುಗಿಸಿ ಬೆರಳಿನ ತುದಿ ಗಟ್ಟಿಯಾಗಿತ್ತು, ನಾವು ಚಿಕ್ಕವರಿದ್ದಾಗ ಬಿಸಿ ಪಾತ್ರೆ ಬರಿಗೈಲಿ ಇಳಿಸ್ತಿದ್ರು. ಒಂದು ದೆವ್ವದ ಸಿನಿಮಾಗೆ 18 ದಿನ ದುಡಿದು ಒಂದು ರೂಪಾಯಿ ಬರ್ಲಿಲ್ಲ. ಅದು ರಿಲೀಸ್ ಆದಾಗ ನಮ್ಮನ್ನ ಕರ್ಕೊಂಡೋಗಿದ್ರು. ಥಿಯೇಟರಲ್ಲಿ ಜನ ಬಿದ್ದು ಬಿದ್ದು ನಗ್ತಿದ್ರು, ಹೆದರಿಸೋ ಸೀನಿಗೆ. ಅಪ್ಪ ನನ್ ಕಿವಿ ಹತ್ರ ಬಗ್ಗಿ ಆ ಕಿಟಕಿಯಿಂದ ಬರೋ ಬೆಳಕು ನೋಡು, ಅದು ನಂದು, ಅಂದ್ರು. ನಾನು ಈಗ್ಲೂ ಆ ಕಿಟಕಿ ಮರೆತಿಲ್ಲ, ನಿಜವಾಗ್ಲೂ ಚೆನ್ನಾಗಿತ್ತು ಆ ಬೆಳಕು.

ನಿಮ್ ಗೇಮಲ್ಲಿ ಹೀರೋ ಲೈಟ್ ಬಾಯ್ ಅಂತ ಓದಿ ಖುಷಿ ಆಯ್ತು. ಆದ್ರೆ ಆರು ಜನ ಜೂನಿಯರ್ ಆರ್ಟಿಸ್ಟ್‌ಗಳು ಶರ್ಟ್ ಬದಲಾಯಿಸಿ ಮತ್ತೆ ಮತ್ತೆ ಸಾಯೋಕೆ ಬರ್ತಾರೆ ಅನ್ನೋದು ನಗೋ ವಿಷಯ ಅಂತ ಇಟ್ಟಿದೀರಲ್ಲ, ಆ ಶರ್ಟ್ ಅವರು ಮನೆಯಿಂದ ತಂದಿದ್ದು. ಒಂದು ಚೀಲದಲ್ಲಿ ಮೂರು ಜೊತೆ ಬಟ್ಟೆ ಮಡಚಿ ತರ್ತಿದ್ರು, ಪೊಲೀಸ್ ಗುಂಪು, ಮದುವೆ ಗುಂಪು, ಹೆಣದ ಗುಂಪು, ಎಲ್ಲಾದಕ್ಕೂ ಅವರೇ. ನಗ್ಬೇಡಿ ಅಂತ ನಾನು ಹೇಳ್ತಿಲ್ಲ, ಅವರೇ ಊಟಕ್ಕೆ ಕೂತಾಗ ಅದನ್ನ ಹೇಳ್ಕೊಂಡು ನಗ್ತಿದ್ರಂತೆ. ಆದ್ರೆ ನಗೋನಿಗೆ ಅವರ ಮುಖ ನೆನಪಿರ್ಬೇಕು.

ಮೂರ್_ಜನ_ಗೇಮು
ಅಕ್ಕ, ಇದನ್ನ ಓದಿ ಏನ್ ಉತ್ತರ ಬರೀಬೇಕು ಅಂತ ಗೊತ್ತಾಗ್ದೆ ಒಂದು ದಿನ ಸುಮ್ನಿದ್ವಿ. ನಮ್ ಆರು ಜಾಂಬಿಗಳಿಗೆ ಫೈಲಲ್ಲಿ ಇದ್ದ ಹೆಸರು ಶತ್ರು ಒಂದರಿಂದ ಶತ್ರು ಆರು. ಅದನ್ನ ನೋಡಿ ನಾಚಿಕೆ ಆಯ್ತು. ಬದಲಾಯಿಸ್ತೀವಿ. ಅಪ್ಪನ ಆ ಕಿಟಕಿ ಬೆಳಕು ಎಂಥದ್ದಿತ್ತು ಅಂತ ಸಾಧ್ಯ ಆದ್ರೆ ಬರೀರಿ, ನಮ್ ಮೂವರಲ್ಲಿ ಚಿತ್ರ ಬಿಡಿಸೋಳಿಗೆ ಬಂಗಲೆಯ ಕೊನೇ ಲೆವೆಲಲ್ಲಿ ಅದನ್ನ ಬಿಡಿಸ್ಬೇಕಂತೆ.

ಲೈಟ್‌ಬಾಯ್_ಮಗಳು
ಕಿಟಕಿ ಹೊರಗಡೆ ಒಂದೇ ಲೈಟು, ಅದ್ರ ಮುಂದೆ ನುಗ್ಗೆ ಸೊಪ್ಪಿನ ಕೊಂಬೆ ಹಿಡ್ಕೊಂಡು ಒಬ್ರು ಮೆಲ್ಲಗೆ ಅಲ್ಲಾಡಿಸ್ತಿದ್ರು. ಗೋಡೆ ಮೇಲೆ ಎಲೆ ನೆರಳು ಓಡಾಡ್ತಿತ್ತು. ಅಷ್ಟೇ.

ಸೆಕೆಂಡ್‌ಶೋ_ಸೀಟು
ನನ್ ಪ್ರಾಮಾಣಿಕತೆ ಮಾತಿಗೆ ಇದಕ್ಕಿಂತ ಉದಾಹರಣೆ ಬೇಕಾಗಿಲ್ಲ. ಜಪಾನಿನ ಒನ್ ಕಟ್ ಆಫ್ ದಿ ಡೆಡ್ ನೋಡದೇ ಇರೋರು ದಯವಿಟ್ಟು ನೋಡಿ, 2017ರದ್ದು, ಸುಮಾರು 30 ಲಕ್ಷ ಯೆನ್‌ನಲ್ಲಿ ಮಾಡಿದ್ದು. ಮೊದಲ 37 ನಿಮಿಷ ಒಂದೇ ಶಾಟಲ್ಲಿ ಜಾಂಬಿ ಸಿನಿಮಾ, ಎಡವಟ್ಟೋ ಎಡವಟ್ಟು. ಅದಾದ್ಮೇಲೆ ಏನಾಗತ್ತೆ ಅಂತ ಹೇಳಲ್ಲ, ಪ್ರತಿ ಎಡವಟ್ಟಿನ ಹಿಂದೆ ಒಬ್ಬ ಮನುಷ್ಯ ಇದ್ದ ಅಂತ ಮಾತ್ರ ಹೇಳ್ತೀನಿ. ನಮ್ಮಲ್ಲೂ 1993ರಲ್ಲಿ ಉಪೇಂದ್ರ ಅವರು ಶ್ ಅಂತ ಮಾಡಿದ್ರಲ್ಲ, ಅದೂ ಶೂಟಿಂಗ್ ಯೂನಿಟ್ಟಿನೊಳಗಿನ ಭಯದ ಕಥೇನೇ.

ಬೇತಾಳ_ಫ್ಯಾನು
ಎಲ್ಲಾ ಸರಿ, ಜಾಂಬಿ ಅನ್ನೋದು ನಮ್ ಊರಿಗೆ ಹೆಂಗೆ ಬಂತು? ಆ ಪದ ಹೈಟಿ ಕಡೆಯದ್ದು. ನಮ್ಮಲ್ಲಿ ಹೆಣದೊಳಗೆ ಹೊಕ್ಕು ಮಾತಾಡೋ ಬೇತಾಳ ಇಲ್ವಾ, ಹನ್ನೊಂದನೇ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲೇ ಆ ಕಥೆಗಳಿವೆ, ಚಂದಮಾಮ ಓದ್ಕೊಂಡು ಬೆಳೆದೋರಿಗೆಲ್ಲ ಗೊತ್ತು. ನಿಮ್ ಜಾಂಬಿಗಳು ಸಾಯೋ ಮುಂಚೆ ಒಂದು ಪ್ರಶ್ನೆ ಕೇಳ್ಲಿ.

ಕ್ಯಾಸೆಟ್_ಕಾಲ
ಬೇತಾಳ ಬೇಡ ಅಂತ ನನ್ ಅನಿಸಿಕೆ, ಅದು ಬುದ್ಧಿವಂತ, ಜಾಂಬಿ ಮೊದ್ದು. ಬೆರೆಸಿದ್ರೆ ಎರಡೂ ಕೆಡತ್ತೆ. ಆದ್ರೆ ಬೆಂಗಳೂರಿನೋರಾಗಿ ಒಂದು ಬಿಟ್ಟಿದೀರಿ, ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ನಾಳೆ ಬಾ ಅಂತ ಬರೀತಿದ್ರಲ್ಲ, ರಾತ್ರಿ ಪರಿಚಯದ ದನೀಲಿ ಹೆಸರಿಡಿದು ಕರಿಯೋ ದೆವ್ವ ಅದನ್ನ ಓದಿ ವಾಪಸ್ ಹೋಗತ್ತೆ, ಮಾರನೇ ದಿನ ಬಂದು ಮತ್ತೆ ಓದತ್ತೆ. ನಮ್ಮಜ್ಜಿ ಸೀಮೆಸುಣ್ಣದಲ್ಲಿ ಬರೆದಿದ್ರು. ನಿಮ್ ಗೇಮಲ್ಲಿ ಸೇವ್ ಮಾಡೋ ರೂಮಿನ ಬಾಗಿಲಿಗೆ ಆಡೋನೇ ಸೀಮೆಸುಣ್ಣದಲ್ಲಿ ನಾಳೆ ಬಾ ಅಂತ ಬರೀಲಿ. ಬರೆದ್ರೆ ಗೇಮ್ ಸೇವ್, ಜಾಂಬಿ ವಾಪಸ್. ಆಯುಧಾನೂ ಸೇವ್ ಆಗ್ಲಿ, ದಯವಿಟ್ಟು.

ಒತ್ತಕ್ಷರ
ಗೊಡೋಟ್ ಯಾವ ವರ್ಷನ್? ಮೂರರಲ್ಲಿದ್ರೆ ಕನ್ನಡ ಒತ್ತು ಒಡೆದು ಪಕ್ಕಕ್ಕೆ ಹೋಗಿ ಕೂರತ್ತೆ, ಅದು ಹಳೇ ಸಿನಿಮಾ ಜೋಕ್ ಥರ ಕಾಣಲ್ಲ, ಬರೀ ತಪ್ಪು ಕನ್ನಡ. 2023ರಲ್ಲಿ ಬಂದ ನಾಲ್ಕರಿಂದ ಅಕ್ಷರ ಜೋಡಣೆ ಸರಿಯಾಗಿದೆ. ಟೈಟಲಿಗೆ ಮಾತ್ರ ಫಾಂಟ್ ಹಾಕ್ಬೇಡಿ, ಬೋರ್ಡ್ ಬರೆಯೋ ಆರ್ಟಿಸ್ಟ್ ಇನ್ನೂ ಸಿಗ್ತಾರೆ, ಅವರ ಕೈಲಿ ರಕ್ತ ತೊಟ್ಟಿಕ್ಕೋ ಅಕ್ಷರ ಬರೆಸಿ, ಕೇಳಿದ ದುಡ್ಡು ಕೊಡಿ. ರಕ್ತದ ಬಣ್ಣಕ್ಕೆ ಅರಿಶಿನಕ್ಕೆ ಸುಣ್ಣ ಬೆರೆಸಿದ ಆರತಿ ನೀರಿನ ಕೆಂಪು ಇಟ್ರೆ ನಮ್ಮೋರಿಗೆ ನೋಡಿದ ತಕ್ಷಣ ಗೊತ್ತಾಗತ್ತೆ.

ಮೂರ್_ಜನ_ಗೇಮು
ಆರು ವಾರ ಆದ್ಮೇಲೆ ಬರ್ತಿದೀವಿ, ತಡ ಆಯ್ತು.

ಕಾಲು ಸೆಕೆಂಡ್ ತೆಗೆದ್ವಿ, ಆಯುಧ ಜಾರೋದು ತೆಗೆದ್ವಿ, ಕ್ಯಾಮೆರಾ ಅಲ್ಲಾಡೋದು ಬರೀ ಚಿತ್ರದ ಮೇಲೆ. ಹಗ್ಗ ಕತ್ತರಿಸಿದ್ರೆ ದೆವ್ವ ಬೀಳತ್ತೆ, ಇಳಿದು ಬಂದ ಮೈಕ್ ಹಿಡಿದು ಜೋತಾಡಬಹುದು, ಹಗಲಲ್ಲಿ ತೆಗೆದ ರಾತ್ರೀಲಿ ಬೀಳೋ ನೆರಳಿಂದ ಮೂಲೆ ಹಿಂದಿರೋ ಜಾಂಬಿ ಪತ್ತೆ ಆಗತ್ತೆ. ಲೆವೆಲ್ಲಿಗೆ 400 ಅಡಿ. ಇದು ಮಾಡೋಕೇ ಜಾಸ್ತಿ ದಿನ ಹಿಡೀತು, ಮೊದಲು ಪೂರ್ತಿ ಟೈಮರ್ ಥರ ಓಡಿಸಿದ್ವಿ, ಜನ ಗಾಬರಿ ಬಿದ್ದು ಏನೂ ನೋಡದೇ ಓಡ್ತಿದ್ರು, ನಗೋಕೇ ಟೈಮಿಲ್ಲ. ಆಮೇಲೆ ಏಟು ಹೊಡಿಯುವಾಗ ಮಾತ್ರ ಫಿಲ್ಮ್ ಓಡೋ ಹಂಗೆ ಮಾಡಿದ್ವಿ, ಈಗ ಜನ ನಿಂತು ಯೋಚ್ನೆ ಮಾಡ್ತಾರೆ, ಈ ಏಟು ಬೇಕಾ ಅಂತ. ಕಪ್ಪು ಚೀಲದ ಜಾಗದಲ್ಲಿ ಪರದೆ ಪೂರ್ತಿ ಕತ್ತಲು, ಶಬ್ದ ಮಾತ್ರ. ಅಲ್ಲಿ ಎಲ್ರೂ ಉಸಿರು ಬಿಗಿ ಹಿಡೀತಾರೆ.

ಮೊನ್ನೆ ಭಾನುವಾರ ಮತ್ತೆ ಆಡಿಸಿದ್ವಿ, ಹೊಸಬರು ಎಂಟು ಜನ. ಆರು ಜನ ಕೊನೇವರೆಗೂ ಆಡಿದ್ರು, ಒಬ್ಬ ಹುಡುಗ ಊಟ ಬಿಟ್ಟು ಆಡ್ದ. ಮಿನುಗೋದು ಆಫ್ ಮಾಡೋ ಬಟನ್ ಮೊದಲನೇ ಪರದೇಲಿದೆ, ಮಲ್ಲಿಗೆ ಅವರೇ ತಮ್ಮನಿಗೆ ಹೇಳಿ.

ಸೇವ್ ಮಾಡೋ ಬಾಗಿಲಿಗೆ ಮೌಸಲ್ಲಿ ನಾಳೆ ಬಾ ಅಂತ ಬರೀಬೇಕು, ಎಂಥ ಕೆಟ್ಟ ಅಕ್ಷರ ಆದ್ರೂ ಒಪ್ಕೊಳ್ಳತ್ತೆ.

ಮತ್ತೆ ಕೊನೇ ಟೈಟಲ್ಸ್. ಆರು ಜನಕ್ಕೂ ಹೆಸರಿದೆ ಈಗ, ಒಬ್ಬೊಬ್ರಿಗೂ ಒಂದು ಬಟ್ಟೆ ಚೀಲ ಇದೆ, ಆಟದಲ್ಲಿ ಅವರು ಹಾಕಿದ ಶರ್ಟೆಲ್ಲ ಅದ್ರಿಂದ ಬಂದಿದ್ದು. ಟೈಟಲ್ಸ್ ಓಡುವಾಗ ಅವರು ಮೇಕಪ್ ಒರೆಸ್ಕೊಂಡು ಸಾಲಾಗಿ ಊಟಕ್ಕೆ ಕೂರ್ತಾರೆ, ಹೆಸರಿನ ಮುಂದೆ ಅವರು ಮಾಡಿದ ಪಾತ್ರ ಒಂದೊಂದೇ ಬರತ್ತೆ, ಪೊಲೀಸ್, ಮದುವೆ ಮನೆಯವನು, ಹೂವಿನ ಅಂಗಡಿಯವನು, ಹೆಣ, ಮತ್ತೆ ಹೆಣ. ಹಿಂದಿನ ಗೋಡೆ ಮೇಲೆ ನುಗ್ಗೆ ಎಲೆ ನೆರಳು ಅಲ್ಲಾಡತ್ತೆ.

ಲೈಟ್‌ಬಾಯ್_ಮಗಳು
ಅಪ್ಪನಿಗೆ ತೋರಿಸ್ಬೇಕು. ಮುಂದಿನ ಭಾನುವಾರ ಆಡಿಸ್ತೀರಾ? ಅವರಿಗೆ ಕಂಟ್ರೋಲರ್ ಹಿಡಿಯೋಕೆ ಬರಲ್ಲ, ನಾನು ಆಡ್ತೀನಿ, ಅವರು ಪಕ್ಕದಲ್ಲಿ ಕೂತು ನೋಡ್ತಾರೆ.

ಮೂರ್_ಜನ_ಗೇಮು
ಹತ್ತು ಗಂಟೆಗೆ ಬನ್ನಿ ಅಕ್ಕ. ನೆರಳು ಸರಿ ಇಲ್ಲ ಅಂದ್ರೆ ಅಲ್ಲೇ ಹೇಳೋಕೆ ಹೇಳಿ, ಅವರು ಕೂತಿರುವಾಗ್ಲೇ ಬದಲಾಯಿಸ್ತೀವಿ.